ಚೀಟಿಯಲ್ಲಿ ಹೆಸರು ಎಷ್ಟು ಸಲ?

ಕ್ಯಾಟ್ನಿಸ್ ಎವರ್‌ಡೀನ್‌ಗೆ 16 ವರ್ಷ. ಊರ ಚೌಕದಲ್ಲಿಟ್ಟ ದೊಡ್ಡ ಗಾಜಿನ ಗೋಳದೊಳಗೆ ಅವಳ ಹೆಸರಿನ ಚೀಟಿಗಳು 20 ಇವೆ. ಹುಡುಗರ ಗೋಳದಲ್ಲಿ ಅವಳ ಬೇಟೆಯ ಜೊತೆಗಾರ, 18ರ ಗೇಲ್‌ನ ಹೆಸರಿನವು 42. ತಂಗಿ ಪ್ರಿಮ್‌ಗೆ 12 ತುಂಬಿದೆಯಷ್ಟೆ. ಅವಳದು ಒಂದೇ ಒಂದು. ಸೂಸನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಈ ಸಂಖ್ಯೆಗಳು ಬರುತ್ತವೆ. ಹೊಡೆದಾಟ, ರಕ್ತ ಎಲ್ಲಕ್ಕೂ ಮೊದಲು ಬರುವುದು ಈ ಲೆಕ್ಕ.

ಎತ್ತಿದ ಚೀಟಿಯಲ್ಲಿ ಯಾರ ಹೆಸರಿದೆಯೋ ಆ ಮಗು ಸಾವಿನ ಆಟಕ್ಕೆ ಇಳಿಯಬೇಕು. ಲೆಕ್ಕ ಹೀಗಿದೆ. 12 ತುಂಬಿದ ವರ್ಷ ಪ್ರತಿ ಮಗುವಿನ ಹೆಸರೂ ಒಂದು ಸಲ ಸೇರುತ್ತದೆ. 13ಕ್ಕೆ ಎರಡು, 14ಕ್ಕೆ ಮೂರು, 18ಕ್ಕೆ ಏಳು. ಇಷ್ಟೇ ಆಗಿದ್ದರೆ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಭಯ. ಆದರೆ ಹಸಿದವರಿಗೆಂದು ಸರ್ಕಾರ ಇನ್ನೊಂದು ದಾರಿ ತೆರೆದಿಟ್ಟಿದೆ. ಒಂದು ಚೀಟಿ ಹೆಚ್ಚು ಹಾಕಲು ಒಪ್ಪಿದರೆ ಒಬ್ಬರ ಹೊಟ್ಟೆಗೆ ವರ್ಷವಿಡೀ ಹೇಗೋ ಸಾಲುವಷ್ಟು ಕಾಳು, ಎಣ್ಣೆ ಸಿಗುತ್ತದೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ ಹೀಗೆ ಪಡೆಯಬಹುದು. ಹಾಕಿದ ಚೀಟಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತವೆ. ಅಪ್ಪ ಕಲ್ಲಿದ್ದಲು ಗಣಿಯ ಸ್ಫೋಟದಲ್ಲಿ ಸತ್ತ ಮೇಲೆ ಕ್ಯಾಟ್ನಿಸ್ ತನಗೆ, ತಂಗಿಗೆ, ಅಮ್ಮನಿಗೆ ಎಂದು ವರ್ಷಕ್ಕೆ ಮೂರು ಚೀಟಿ ಹೆಚ್ಚು ಹಾಕುತ್ತ ಬಂದಿದ್ದಾಳೆ. ಐದು ವರ್ಷಕ್ಕೆ 15, ವಯಸ್ಸಿನ ಬಾಬ್ತು ಐದು. ಗೇಲ್‌ನ ಮನೆಯಲ್ಲಿ ಐದು ಜನ, ಏಳು ವರ್ಷ. 35ಕ್ಕೆ ಏಳು ಸೇರಿ 42.

ಮೇಯರ್ ಮಗಳು ಮ್ಯಾಜ್ ಹೊಸ ಫ್ರಾಕ್ ತೊಟ್ಟು ಬಾಗಿಲಿಗೆ ಬಂದಾಗ ಗೇಲ್ ಅವಳನ್ನು ಚುಚ್ಚಿ ಮಾತಾಡುತ್ತಾನೆ. ಅವಳ ಚೀಟಿಗಳು ಐದಿರಬಹುದು, ತನ್ನವು 12ನೇ ವಯಸ್ಸಿನಲ್ಲೇ ಆರಿದ್ದವು ಎಂದು. ಮ್ಯಾಜ್ ಕೆಟ್ಟವಳಲ್ಲ, ಅವಳು ಯಾವ ನಿಯಮವನ್ನೂ ಮಾಡಿದವಳಲ್ಲ. ಆದರೂ ಸಿಟ್ಟು ಬೀಳುವುದು ಅವಳ ಮೇಲೆ. ಹಸಿದವರು ತುಸು ಕಡಿಮೆ ಹಸಿದವರನ್ನು ದ್ವೇಷಿಸುತ್ತ ಇರಲಿ ಎಂಬುದೇ ಈ ವ್ಯವಸ್ಥೆಯ ಉದ್ದೇಶ. ಅದನ್ನು ಕಾಡಿನಲ್ಲಿ, ಯಾರೂ ಕೇಳಿಸಿಕೊಳ್ಳದ ಕಡೆ, ಸ್ವತಃ ಗೇಲ್‌ನೇ ಹೇಳುತ್ತಾನೆ. ಗೊತ್ತಿದ್ದೂ ಮ್ಯಾಜ್‌ಳನ್ನು ಚುಚ್ಚದೆ ಇರಲು ಅವನಿಂದಾಗುವುದಿಲ್ಲ.

ಹದಿಹರೆಯದವರಿಗಾಗಿ ಬರೆದ ಡಿಸ್ಟೋಪಿಯಾ ಕಾದಂಬರಿಗಳು ಯಾಕೆ ಹಾಗೆ ಹಿಡಿದು ಕೂರಿಸುತ್ತವೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು: ವೇಗ, ಸಾಹಸ, ಪ್ರೇಮ, ಪಾಳುಬಿದ್ದ ಜಗತ್ತಿನ ಆಕರ್ಷಣೆ. ಇವೆಲ್ಲ ಇದ್ದೂ ಎರಡೇ ವರ್ಷದಲ್ಲಿ ಮರೆತುಹೋದ ಪುಸ್ತಕಗಳು ಬೇಕಾದಷ್ಟಿವೆ. ನನ್ನ ನಂಬಿಕೆ ಬೇರೆ. ಈ ಬಗೆಯ ಒಳ್ಳೆಯ ಕಾದಂಬರಿ ಅನ್ಯಾಯದ ಕುರಿತು ಭಾಷಣ ಮಾಡುವುದಿಲ್ಲ. ಅನ್ಯಾಯ ನಡೆಯುವ ನಿಯಮವನ್ನು ಓದುವ ಹುಡುಗಿಯ ಕೈಗೆ ಕೊಟ್ಟು, ನೀನೇ ಲೆಕ್ಕ ಮಾಡಿ ನೋಡು ಎನ್ನುತ್ತದೆ. 13–14ರ ವಯಸ್ಸಿಗೆ ‘ಇದು ಸರಿಯಲ್ಲ’ ಎಂಬ ಭಾವನೆ ಬಲವಾಗಿಯೇ ಇರುತ್ತದೆ. ಹೇಗೆ ಸರಿಯಲ್ಲ, ಯಾರಿಗೆ ಲಾಭ ಎಂದು ಬಿಡಿಸಿ ತೋರಿಸುವ ಮಾತು ಆ ವಯಸ್ಸಿಗೆ ಸುಲಭವಾಗಿ ಸಿಗುವುದಿಲ್ಲ. ಮನೆಯಲ್ಲಿ ‘ನಿನಗೆ ಅದೆಲ್ಲ ಅರ್ಥವಾಗಲ್ಲ’ ಎಂದು ಮಾತು ಮುಗಿಸುತ್ತಾರೆ. ಕಾಲಿನ್ಸ್ ಅರ್ಥವಾಗುತ್ತದೆ ಎಂದು ನಂಬಿ ಬರೆದರು.

ಕಥೆಯ ಬೇರು ಹಳೆಯದು. ಅಥೆನ್ಸ್ ನಗರ ಕ್ರೀಟ್ ದ್ವೀಪಕ್ಕೆ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಪ್ಪವಾಗಿ ಕಳಿಸಬೇಕಿದ್ದ, ಅಲ್ಲಿ ಮಿನೊಟಾರ್ ಎಂಬ ವಿಕಾರ ಜೀವಿ ಅವರನ್ನು ತಿನ್ನುತ್ತಿದ್ದ ಥೀಸಿಯಸ್‌ನ ಪುರಾಣವೇ ತಮಗೆ ಮೂಲ ಎಂದು ಕಾಲಿನ್ಸ್ ಹೇಳಿಕೊಂಡಿದ್ದಾರೆ. ಬಕಾಸುರನ ಪ್ರಸಂಗ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಕಚಕ್ರ ನಗರದಲ್ಲೂ ಮನೆಮನೆಗೆ ಸರದಿ. ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡ ನಾನು ಹೋಗುತ್ತೇನೆ ಎನ್ನುತ್ತಾನೆ, ಹೆಂಡತಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಇನ್ನೂ ತೊದಲು ಮಾತಿನ ಗಂಡುಮಗು ಒಂದು ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತದೆ. ಆ ಮನೆಯಲ್ಲಿ ಭೀಮ ಇದ್ದ, ಕುಂತಿ ಅವನನ್ನು ಕಳಿಸಿದಳು. ಕ್ಯಾಟ್ನಿಸ್ ಇರುವ 12ನೇ ಜಿಲ್ಲೆಯಲ್ಲಿ ಭೀಮನಿಲ್ಲ. ಪ್ರಿಮ್‌ಳ ಒಂದೇ ಚೀಟಿ ಕೈಗೆ ಬಂದಾಗ, ಅವಳ ಬದಲಿಗೆ ಮುಂದೆ ಬರುವುದು ಅಕ್ಕ. ಹುಲ್ಲುಕಡ್ಡಿ ಹಿಡಿದ ಮಗುವನ್ನೇ ನಿಜಕ್ಕೂ ಕಳಿಸಿದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಈ ಕಾದಂಬರಿ ಕೇಳುತ್ತದೆ.

ಇನ್ನೊಂದು ವ್ಯತ್ಯಾಸ ಅದಕ್ಕಿಂತ ದೊಡ್ಡದು. ಬಕಾಸುರನಿಗೆ ಹಸಿವಿತ್ತು. 12 ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿ ಎಂದು 24 ಮಕ್ಕಳನ್ನು ಅಖಾಡಕ್ಕಿಳಿಸಿ, ಒಬ್ಬರೇ ಉಳಿಯುವ ತನಕ ಕೊಲ್ಲಿಸುವ ಕ್ಯಾಪಿಟಲ್ ನಗರಕ್ಕೆ ಹೊಟ್ಟೆ ತುಂಬಿದೆ. ಅದಕ್ಕೆ ಬೇಕಿರುವುದು ನೋಟ. ದೇಶದ ಹೆಸರೇ ಪ್ಯಾನೆಮ್, ಅಂದರೆ ಲ್ಯಾಟಿನ್‌ನಲ್ಲಿ ರೊಟ್ಟಿ. ರೊಟ್ಟಿ ಮತ್ತು ಆಟ ಕೊಟ್ಟರೆ ಜನ ಸುಮ್ಮನಿರುತ್ತಾರೆ ಎಂದು ರೋಮನ್ ಕವಿ ಜುವೆನಾಲ್ ಬರೆದದ್ದರಿಂದ ಬಂದದ್ದು. ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತ ಕೂತಿದ್ದಾಗ ಒಂದು ಕಡೆ ರಿಯಾಲಿಟಿ ಷೋ ಸ್ಪರ್ಧೆ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ ಬಂದು, ಎರಡೂ ಕಲಸಿಹೋದಂತೆ ಅನಿಸಿದ್ದು ಕಥೆಗೆ ಕಿಡಿಯಾಯಿತು ಎಂದು ಕಾಲಿನ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ತಂದೆ ಅಮೆರಿಕದ ವಾಯುಪಡೆಯಲ್ಲಿದ್ದವರು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಯುದ್ಧದ ಇತಿಹಾಸ ಕಲಿಸಿದವರು. ಯುದ್ಧವನ್ನು ಮಕ್ಕಳಿಂದ ಮುಚ್ಚಿಡಬಾರದು ಎಂಬ ಮನೆಯ ಪಾಠ ಈ ಪುಸ್ತಕಗಳ ಪ್ರತಿ ಪುಟದಲ್ಲೂ ಇದೆ.

ಬರವಣಿಗೆಯ ಕಸುಬನ್ನೂ ಗಮನಿಸಬೇಕು. ಕಾಲಿನ್ಸ್ ನಾಟಕ ಬರವಣಿಗೆ ಕಲಿತವರು, ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಬರೆದವರು. ಮೂಲ ತ್ರಿವಳಿಯ ಮೂರೂ ಪುಸ್ತಕಗಳಲ್ಲಿ ತಲಾ 27 ಅಧ್ಯಾಯ, ಒಂಬತ್ತರಂತೆ ಮೂರು ಭಾಗ. ನಾಟಕದ ಮೂರು ಅಂಕಗಳ ಹಾಗೆ. ಅಧ್ಯಾಯ ಮುಗಿಯುವುದು ಸಾಮಾನ್ಯವಾಗಿ ಬಾಗಿಲು ತೆರೆಯುವ ಕ್ಷಣದಲ್ಲಿ, ಒಳಗೆ ಯಾರಿದ್ದಾರೆ ಎಂದು ತಿಳಿಯುವ ಮೊದಲು. ಕಥೆ ಹೇಳುವವಳು ಕ್ಯಾಟ್ನಿಸ್. ಎಲ್ಲವೂ ವರ್ತಮಾನ ಕಾಲದಲ್ಲಿ. ‘ಓಡಿದೆ’ ಎಂದರೆ ಓಡಿ ಬದುಕಿದಳು ಎಂದು ಗೊತ್ತಾಗಿಬಿಡುತ್ತದೆ. ‘ಓಡುತ್ತೇನೆ’ ಎಂದಾಗ ಮುಂದಿನ ವಾಕ್ಯ ಇದೆಯೋ ಇಲ್ಲವೋ ಎಂಬ ಆತಂಕ ಓದುವವರಿಗೂ ಅಂಟುತ್ತದೆ.

ಆದರೆ ಆತಂಕದ ನಡುವೆ ನನ್ನನ್ನು ಪ್ರತಿಸಲ ನಿಲ್ಲಿಸುವುದು ರೊಟ್ಟಿ. ಹಸಿವಿನಿಂದ ಕುಸಿದು ಕೂತ 11ರ ಕ್ಯಾಟ್ನಿಸ್‌ಗಾಗಿ, ಮಳೆಯಲ್ಲಿ, ಬೇಕರಿಯವರ ಮಗ ಪೀಟಾ ಬೇಕೆಂದೇ ಸುಟ್ಟು, ಅಮ್ಮನಿಂದ ಏಟು ತಿಂದು, ಎಸೆಯುವ ಎರಡು ರೊಟ್ಟಿಗಳು. ಮುಂದೆ ಅಖಾಡದಲ್ಲಿ, 11ನೇ ಜಿಲ್ಲೆಯ 12 ವರ್ಷದ ಪುಟ್ಟ ಹುಡುಗಿ ರೂ ಸತ್ತಾಗ ಕ್ಯಾಟ್ನಿಸ್ ಅವಳ ಮೈತುಂಬ ಹೂವು ಹೊದಿಸುತ್ತಾಳೆ. ಆಟದ ನಿಯಮದಲ್ಲಿ ಅದಕ್ಕೆ ಜಾಗವೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಆಕಾಶದಿಂದ ಬೆಳ್ಳಿ ಪ್ಯಾರಾಚೂಟ್‌ನಲ್ಲಿ ಅವಳಿಗೊಂದು ರೊಟ್ಟಿ ಇಳಿಯುತ್ತದೆ. 11ನೇ ಜಿಲ್ಲೆಯ ಬಡವರು ತಮ್ಮ ಮಗುವಿಗೆಂದು ಕೂಡಿಸಿದ್ದ ಹಣದಲ್ಲಿ, ಬೇರೆ ಜಿಲ್ಲೆಯ ಹುಡುಗಿಗೆ ಕಳಿಸಿದ ರೊಟ್ಟಿ. ಕ್ರಾಂತಿ ಶುರುವಾಗುವುದು ಅಲ್ಲಿ. ಗೇಲ್ ಮತ್ತು ಮ್ಯಾಜ್ ನಡುವೆ ಗೋಡೆ ಕಟ್ಟಿದ ಲೆಕ್ಕವನ್ನು ಆ ರೊಟ್ಟಿ ಮುರಿಯುತ್ತದೆ. ಕಾಲಿನ್ಸ್ ಇದನ್ನು ಎಲ್ಲಿಯೂ ವಿವರಿಸಿ ಹೇಳುವುದಿಲ್ಲ.

ಹಿಂಸೆ ಹೆಚ್ಚಾಯಿತು, ಮಕ್ಕಳ ಕೈಗೆ ಕೊಡಬಾರದು ಎಂಬ ದೂರು ಅಮೆರಿಕದಲ್ಲೇ ಜೋರಾಗಿ ಎದ್ದಿತ್ತು. ಅಲ್ಲಿನ ಗ್ರಂಥಾಲಯ ಸಂಘದ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯಲ್ಲಿ 2010 ಮತ್ತು 2011ರಲ್ಲಿ ಈ ಹೆಸರಿದೆ. ತಂದೆತಾಯಿಯ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಎಣಿಕೆಯೇ ಇಲ್ಲದೆ ಶತ್ರುಗಳು ಉರುಳುವ ವಿಡಿಯೋ ಗೇಮ್ ಆಡಿದ ಹುಡುಗ ಇಲ್ಲಿ ಪ್ರತಿ ಸಾವಿಗೂ ಒಂದು ಫಿರಂಗಿ ಸದ್ದು ಕೇಳಬೇಕು, ರಾತ್ರಿ ಆಕಾಶದಲ್ಲಿ ಆ ಮಗುವಿನ ಮುಖ ನೋಡಬೇಕು. ಸಾವನ್ನು ಎಣಿಸಲು ಕಲಿಸುವ ಪುಸ್ತಕವನ್ನು ನಾನು ಕೊಡುತ್ತೇನೆ.

ಇದಕ್ಕೆ 15 ವರ್ಷ ಮೊದಲು ಬಂದ, ರಕ್ತದ ಒಂದು ಹನಿಯೂ ಕಾಣದೆ ಶುರುವಾಗುವ ಇನ್ನೊಂದು ಪುಸ್ತಕ ನನಗೆ ಇದಕ್ಕಿಂತ ಭಯಾನಕ. ಲೂಯಿಸ್ ಲೋರಿಯವರ ‘ದಿ ಗಿವರ್’, 1993. ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬರಿ ಪದಕ ಪಡೆದ ಕಾದಂಬರಿ. ಇಲ್ಲಿ ಹಸಿವಿಲ್ಲ, ಜಗಳವಿಲ್ಲ, ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಪ್ರತಿ ಮನೆಗೆ ಒಬ್ಬ ಹುಡುಗ, ಒಬ್ಬ ಹುಡುಗಿ. ಒಂಬತ್ತಕ್ಕೆ ಎಲ್ಲರಿಗೂ ಸೈಕಲ್. ರಾತ್ರಿ ಊಟವಾದ ಮೇಲೆ ದಿನದ ಭಾವನೆಗಳನ್ನು ಎಲ್ಲರೂ ಹೇಳಿಕೊಳ್ಳಬೇಕು, ಬೆಳಿಗ್ಗೆ ಕನಸುಗಳನ್ನು. 12ನೇ ವರ್ಷದ ಸಮಾರಂಭದಲ್ಲಿ ಹಿರಿಯರು ಪ್ರತಿ ಮಗುವಿಗೂ ಜೀವನಪೂರ್ತಿ ಮಾಡಬೇಕಾದ ಕೆಲಸ ಘೋಷಿಸುತ್ತಾರೆ. ಎಲ್ಲವೂ ಎಷ್ಟು ಓರಣ ಎಂದರೆ ಮೊದಲ 50 ಪುಟ ಓದಿದ ಮಗು, ಇಂಥ ಊರಿನಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಹೇಳಿದರೂ ಅಚ್ಚರಿಯಿಲ್ಲ.

ಹುಡುಗ ಜೋನಸ್ ಗೆಳೆಯನ ಜೊತೆ ಸೇಬು ಎಸೆದು ಹಿಡಿಯುವ ಆಟ ಆಡುತ್ತಿರುತ್ತಾನೆ. ಗಾಳಿಯಲ್ಲಿರುವ ಸೇಬು ಒಂದು ಕ್ಷಣ ಬದಲಾದಂತೆ ಕಾಣುತ್ತದೆ. ಆಕಾರ ಅದೇ, ಗಾತ್ರ ಅದೇ. ಏನು ಬದಲಾಯಿತೆಂದು ಹೇಳಲು ಅವನಲ್ಲಿ ಮಾತಿಲ್ಲ. ಎಷ್ಟೋ ಪುಟ ಕಳೆದ ಮೇಲೆ ಗೊತ್ತಾಗುತ್ತದೆ: ಆ ಊರಿನಲ್ಲಿ ಬಣ್ಣವೇ ಇಲ್ಲ. ಜೋನಸ್ ಆಗ ಕಂಡದ್ದು ಕೆಂಪು. ಓದುತ್ತಿದ್ದವರು ಅಷ್ಟು ಹೊತ್ತೂ ತಮ್ಮ ಮನಸ್ಸಿನಿಂದಲೇ ಆ ಊರಿಗೆ ಬಣ್ಣ ಹಚ್ಚಿಕೊಂಡಿದ್ದರು. ಸಿನಿಮಾಕ್ಕೆ ಇದು ಸಾಧ್ಯವಿಲ್ಲ. 2014ರಲ್ಲಿ ಬಂದ ಚಿತ್ರ ಮೊದಲ ದೃಶ್ಯದಿಂದಲೇ ಕಪ್ಪುಬಿಳುಪಿನಲ್ಲಿ ಇರಬೇಕಾಯಿತು, ಗುಟ್ಟು ಅಲ್ಲೇ ಹೋಯಿತು.

ಊರಿನ ಹಳೆಯ ನೆನಪುಗಳೆಲ್ಲ, ಹಿಮ, ಬಿಸಿಲು, ಯುದ್ಧ, ಹಬ್ಬ, ಒಬ್ಬನೇ ಮುದುಕನಲ್ಲಿ ಇವೆ. ಜೋನಸ್‌ಗೆ ಸಿಕ್ಕ ಕೆಲಸ ಅವುಗಳನ್ನು ಪಡೆದುಕೊಳ್ಳುವುದು. ಮುಪ್ಪಾದವರನ್ನು, ತಪ್ಪು ಮಾಡಿದವರನ್ನು, ತೂಕ ಏರದ ಕೂಸುಗಳನ್ನು ಆ ಊರಿನವರು ‘ಬಿಡುಗಡೆ’ ಮಾಡುತ್ತಾರೆ. ಜೋನಸ್‌ನ ಅಪ್ಪ ಹಸುಗೂಸುಗಳನ್ನು ನೋಡಿಕೊಳ್ಳುವವನು, ಮೃದು ಮಾತಿನವನು. ಅವಳಿಗಳಲ್ಲಿ ಹಗುರವಾದ ಕೂಸನ್ನು ಅಪ್ಪ ಹೇಗೆ ಬಿಡುಗಡೆ ಮಾಡುತ್ತಾನೆ ಎಂದು ಮಗ ತೆರೆಯ ಮೇಲೆ ನೋಡುತ್ತಾನೆ. ಕೂಸಿನ ಹಣೆಯ ನರಕ್ಕೆ ಸೂಜಿ ಚುಚ್ಚುತ್ತಾನೆ ಅಪ್ಪ, ಲಲ್ಲೆ ಮಾಡುತ್ತಲೇ. ಕೂಸು ಅಲುಗಾಡುವುದು ನಿಲ್ಲಿಸುತ್ತದೆ. ಅಪ್ಪ ಕ್ರೂರಿಯಲ್ಲ, ಅವನಿಗೆ ತಾನು ಮಾಡಿದ್ದೇನೆಂದೇ ಗೊತ್ತಿಲ್ಲ. ಹದಿಹರೆಯ ಅಂದರೆ ಅಪ್ಪ ಅಮ್ಮನಿಗೆ ಎಲ್ಲವೂ ಗೊತ್ತಿಲ್ಲ ಎಂದು ಮೊದಲ ಬಾರಿಗೆ ಅರಿವಾಗುವ ಕಾಲ. ಆ ಅರಿವನ್ನು ಇಷ್ಟು ನೇರವಾಗಿ ಮುಟ್ಟಿದ ಪುಟಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೋರಿಯವರಿಗೆ ಈ ಕಥೆ ಬಂದ ದಾರಿಗಳಲ್ಲಿ ಒಂದು ಅವರ ತಂದೆಯ ಮುಪ್ಪು. ತಂದೆಗೆ ನೆನಪು ಮಾಸಿತ್ತು. ಚಿಕ್ಕವಯಸ್ಸಿನಲ್ಲೇ ತೀರಿಹೋದ ಹಿರಿಮಗಳು ಹೆಲೆನ್‌ಳ ಚಿತ್ರ ತೋರಿಸಿ, ಅವಳಿಗೇನಾಯಿತು ಎಂದು ಕೇಳುತ್ತಿದ್ದರು. ಲೋರಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ತಂದೆ ಮತ್ತೆ ಅದನ್ನೇ ಕೇಳುತ್ತಿದ್ದರು. ನೋವಿನ ನೆನಪೇ ಇಲ್ಲದಿದ್ದರೆ ನೆಮ್ಮದಿಯಲ್ಲವೇ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಅದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಕಾದಂಬರಿ ಹೇಳಿತು. ಕೊನೆಯಲ್ಲಿ ಜೋನಸ್ ‘ಬಿಡುಗಡೆ’ಯಾಗಬೇಕಿದ್ದ ಪುಟ್ಟ ಕೂಸು ಗೇಬ್ರಿಯಲ್‌ನನ್ನು ಎತ್ತಿಕೊಂಡು ಹಿಮದಲ್ಲಿ ಜಾರುತ್ತಾನೆ. ಬದುಕಿದನೋ ಇಲ್ಲವೋ ಸ್ಪಷ್ಟವಿಲ್ಲ. ಲೋರಿ ಆ ಕೊನೆಯನ್ನು ತಿದ್ದಲಿಲ್ಲ. ಮುಂದಿನ ಪುಸ್ತಕಗಳಲ್ಲಷ್ಟೇ ಉತ್ತರ ಸಿಕ್ಕಿತು.

ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ರ‍್ಯಾಂಕ್ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಾಯುವ ನಮ್ಮ ಊರುಗಳಲ್ಲಿ, ಆ 12ರ ಸಮಾರಂಭವನ್ನು ದೂರದ ಕಲ್ಪನೆ ಎಂದು ಓದಲು ಯಾವ ಮಗುವಿಗೂ ಕಷ್ಟ. ಇಲ್ಲಿ ಈ ಪುಸ್ತಕಗಳನ್ನು ಓದುವ ಮಕ್ಕಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಓದುತ್ತಾರೆ. ಕನ್ನಡದಲ್ಲಿ ಈ ವಯಸ್ಸಿನವರಿಗಾಗಿಯೇ, ಅವರನ್ನು ಚಿಕ್ಕವರೆಂದು ಎಣಿಸದೆ ಬರೆದ ಕಾದಂಬರಿಗಳು ವಿರಳ ಎಂಬ ಕೊರಗು ನನಗಿದೆ. ನೀರಿನ ಟ್ಯಾಂಕರ್ ಸರದಿ, ಸೀಟು ಹಂಚಿಕೆಯ ಸುತ್ತುಗಳು, ರೇಷನ್ ಕಾರ್ಡಿನ ಬಣ್ಣ: ಬೆರಳಿನಲ್ಲಿ ಎಣಿಸಬಹುದಾದ ನಿಯಮಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

‘ಹಂಗರ್ ಗೇಮ್ಸ್’ ಗೆದ್ದ ಮೇಲೆ ಅದರ ಜಾಡಿನಲ್ಲಿ ಪುಸ್ತಕಗಳ ಪ್ರವಾಹವೇ ಬಂತು. ವೆರೊನಿಕಾ ರಾಥ್ 2011ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ‘ಡೈವರ್ಜೆಂಟ್’ ತಂದರು. ಅಲ್ಲಿ ಜನರನ್ನು ಗುಣಕ್ಕೆ ತಕ್ಕಂತೆ ಐದು ಪಂಗಡವಾಗಿ ಹಂಚಲಾಗಿದೆ: ಧೈರ್ಯಕ್ಕೊಂದು, ಜಾಣ್ಮೆಗೊಂದು, ತ್ಯಾಗಕ್ಕೊಂದು, ಹೀಗೆ. ನಾನು ಯಾವ ಪಂಗಡ ಎಂದು ಕೇಳಿಕೊಳ್ಳುವ ಖುಷಿ ಓದುಗರಿಗೆ ಸಿಕ್ಕಿತು. ಆದರೆ ಇಂಥ ಹಂಚಿಕೆಯಿಂದ ಯಾರ ಹೊಟ್ಟೆ ತುಂಬುತ್ತದೆ ಎಂಬ ಲೆಕ್ಕ ಕೂಡಿಬರಲಿಲ್ಲ. ಚಿತ್ರಸರಣಿ 2016ರಲ್ಲಿ ಮೂರನೆಯದಕ್ಕೇ ಮುಗ್ಗರಿಸಿತು. ನಾಲ್ಕನೆಯದು ತಯಾರಾಗಲೇ ಇಲ್ಲ.

ದೊಡ್ಡವರ ಡಿಸ್ಟೋಪಿಯಾಗಳಲ್ಲಿ ವ್ಯಕ್ತಿ ಸೋಲುತ್ತಾನೆ. ಆರ್ವೆಲ್‌ರ ‘1984’ರ ವಿನ್‌ಸ್ಟನ್ ಮುರಿದುಹೋಗುತ್ತಾನೆ, ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ನ ಜಾನ್ ನೇಣು ಹಾಕಿಕೊಳ್ಳುತ್ತಾನೆ. ಹದಿಹರೆಯದವರಿಗೆ ಬರೆಯುವವರು ಅಷ್ಟು ಕತ್ತಲೆ ಕೊಡಲು ಹಿಂಜರಿಯುತ್ತಾರೆ. ಹಾಗೆಂದು ಸುಳ್ಳು ಗೆಲುವು ಕೊಟ್ಟರೆ ಓದುಗರು ಕ್ಷಮಿಸುವುದಿಲ್ಲ. ಈ ಇಕ್ಕಟ್ಟಿನ ನಡುವೆ ಕಾಲಿನ್ಸ್ ‘ಮಾಕಿಂಗ್‌ಜೇ’ಯಲ್ಲಿ (2010) ಹಿಡಿದ ದಾರಿಯನ್ನು ಹಲವು ಅಭಿಮಾನಿಗಳು ಮೆಚ್ಚಲಿಲ್ಲ. ನನಗೆ ತ್ರಿವಳಿಯಲ್ಲಿ ಅದೇ ಶ್ರೇಷ್ಠ. ಯಾರನ್ನು ಉಳಿಸಲು ಕ್ಯಾಟ್ನಿಸ್ ಅಖಾಡಕ್ಕಿಳಿದಳೋ ಆ ಪ್ರಿಮ್ ಯುದ್ಧದ ಕೊನೆಯಲ್ಲಿ ಬಾಂಬಿಗೆ ಬಲಿಯಾಗುತ್ತಾಳೆ. ಆ ಬಾಂಬು ಬಹುಶಃ ತಮ್ಮ ಕಡೆಯವರದೇ. ಬಂಡಾಯದ ನಾಯಕಿ ಕಾಯಿನ್, ಸೋತ ಕ್ಯಾಪಿಟಲ್‌ನ ಮಕ್ಕಳನ್ನೇ ಇಳಿಸಿ ಇನ್ನೊಂದು ಆಟ ನಡೆಸೋಣವೇ ಎಂದು ಮತಕ್ಕೆ ಹಾಕುತ್ತಾಳೆ. ಹಳೆಯ ಸರ್ವಾಧಿಕಾರಿ ಸ್ನೋಗೆ ಗುರಿಯಿಡಬೇಕಿದ್ದ ಬಾಣವನ್ನು ಕ್ಯಾಟ್ನಿಸ್ ಕಾಯಿನ್‌ಗೆ ಬಿಡುತ್ತಾಳೆ. ಯುದ್ಧ ಮುಗಿದ ಮೇಲೂ ಅವಳಿಗೆ ನಿದ್ದೆಯಲ್ಲಿ ಕಿರುಚಾಟ, ಪೀಟಾಗೆ ಯಾವುದು ನಿಜ, ಯಾವುದು ತಲೆಯಲ್ಲಿ ತುಂಬಿದ ಸುಳ್ಳು ಎಂಬ ಗೊಂದಲ. ಯುದ್ಧಕ್ಕೆ ಹೋಗಿ ಬಂದವರ ಮನೆಯಲ್ಲಿ ಬೆಳೆದ ಲೇಖಕಿ ಮಕ್ಕಳಿಗೆ ಇದಕ್ಕಿಂತ ಕಡಿಮೆ ಹೇಳಲು ಒಪ್ಪಲಿಲ್ಲ.

ಹದಿಹರೆಯದವರ ಪುಸ್ತಕ ಎಂದು ಬದಿಗಿಡುವವರು ಥಾಯ್ಲೆಂಡ್ ಕಡೆ ನೋಡಬೇಕು. ಕಾದಂಬರಿಯಲ್ಲಿ 12ನೇ ಜಿಲ್ಲೆಯವರು ಎಡಗೈಯ ನಡುವಿನ ಮೂರು ಬೆರಳನ್ನು ತುಟಿಗೆ ಮುಟ್ಟಿಸಿ ಮುಂದೆ ಎತ್ತುತ್ತಾರೆ. ಪ್ರೀತಿಯವರನ್ನು ಬೀಳ್ಕೊಡುವಾಗ ಮಾಡುವ ಹಳೆಯ ಸನ್ನೆ ಅದು. 2014ರ ಮೇ ತಿಂಗಳಲ್ಲಿ ಥಾಯ್ ಸೇನೆ ಅಧಿಕಾರ ಕಿತ್ತುಕೊಂಡಾಗ ಪ್ರತಿಭಟನಾಕಾರರು ಆ ಮೂರು ಬೆರಳನ್ನೆತ್ತಿದರು. ನವೆಂಬರ್‌ನಲ್ಲಿ ಖೊನ್ ಕೇನ್‌ನಲ್ಲಿ ಭಾಷಣ ಮಾಡುತ್ತಿದ್ದ ಪ್ರಧಾನಿ ಪ್ರಯುತ್ ಅವರೆದುರೇ ಬೆರಳೆತ್ತಿ ನಿಂತ ಐವರು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದೊಯ್ದರು. 2020ರಲ್ಲಿ ಅಲ್ಲಿನ ಶಾಲಾ ಮಕ್ಕಳು ಬೆಳಗಿನ ರಾಷ್ಟ್ರಗೀತೆಯ ವೇಳೆ ಬೆರಳೆತ್ತಿದರು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನಾ ಕ್ಷಿಪ್ರಕ್ರಾಂತಿಯಾದಾಗ ಆಸ್ಪತ್ರೆ ಸಿಬ್ಬಂದಿ, ನಂತರ ಬೀದಿ ಬೀದಿಯ ಜನ. ಫೆಬ್ರುವರಿ 26ರಂದು ವಿಶ್ವಸಂಸ್ಥೆಯ ಸಭೆಯಲ್ಲಿ ಆ ದೇಶದ ರಾಯಭಾರಿಯೇ ಅದೇ ಸನ್ನೆ ಮಾಡಿದರು. ಆ ಪ್ರತಿಭಟನೆಗಳಲ್ಲಿ ಸತ್ತವರು ಕಥೆಗಾಗಿ ಸತ್ತವರಲ್ಲ. ತಮ್ಮ ಹೋರಾಟಕ್ಕೆ, ಮಾತಿಲ್ಲದೆ ಮಾಡಬಹುದಾದ, ಯಾವ ಊರಿನ ಹುಡುಗರಿಗೂ ಗೊತ್ತಿದ್ದ ಒಂದು ಗುರುತು ಅವರಿಗೆ ಬೇಕಿತ್ತು. ಅದು ಈ ಪುಸ್ತಕದಲ್ಲಿ ಸಿಕ್ಕಿತು.

ಇದಕ್ಕೆಲ್ಲ ಮೊದಲೇ ಅಮೆರಿಕದಲ್ಲಿ ಕ್ಯಾಪಿಟಲ್ ನಗರದ ಹೆಸರಿನಲ್ಲೇ ಮೇಕಪ್ ಸಾಮಗ್ರಿ ಮಾರಾಟಕ್ಕೆ ಬಂದಿತ್ತು. ಕಾದಂಬರಿ ಯಾರನ್ನು ಖಂಡಿಸಿತೋ ಅವರ ಬಣ್ಣವನ್ನೇ ಮಾರುವುದು ನೋವಿನ ಸಂಗತಿ. ಕಾಲಿನ್ಸ್ ಇದನ್ನೆಲ್ಲ ನೋಡಿರಬೇಕು. 2025ರ ಮಾರ್ಚ್‌ನಲ್ಲಿ ಬಂದ ‘ಸನ್‌ರೈಸ್ ಆನ್ ದಿ ರೀಪಿಂಗ್’ ನೇರವಾಗಿ ನೋಡುಗರ ಬಗ್ಗೆಯೇ ಇದೆ. ಹೆಚ್ಚಿನ ಜನರನ್ನು ಕೆಲವೇ ಜನ ಇಷ್ಟು ಸಲೀಸಾಗಿ ಆಳುವುದು ಹೇಗೆ ಎಂಬ ದಾರ್ಶನಿಕ ಡೇವಿಡ್ ಹ್ಯೂಮ್‌ರ ಪ್ರಶ್ನೆಯಿಂದ ಅವರು ಶುರುಮಾಡುತ್ತಾರೆ.

50ನೇ ಆಟದ ಕಥೆ ಅದು. ಈ ಸಲ ಮಕ್ಕಳು ಎರಡು ಪಟ್ಟು, 48. ಕಥಾನಾಯಕ 16ರ ಹೇಮಿಚ್. ಮುಂದೆ ಕ್ಯಾಟ್ನಿಸ್‌ಗೆ ಮಾರ್ಗದರ್ಶಿಯಾಗುವ ಕುಡುಕ. 2009ರ ‘ಕ್ಯಾಚಿಂಗ್ ಫೈರ್’ನಲ್ಲಿ ಕ್ಯಾಟ್ನಿಸ್ ಮತ್ತು ಪೀಟಾ ಹಳೆಯ ಟೇಪು ಹಾಕಿ ಇದೇ ಆಟವನ್ನು ನೋಡಿದ್ದರು. ಅವರ ಜೊತೆ ಕೂತು ಓದುಗರೂ ನೋಡಿದ್ದರು. ಹೇಮಿಚ್ ಜಾಣ, ತುಸು ಸ್ವಾರ್ಥಿ, ಅಖಾಡದ ಅಂಚಿನ ಗುಟ್ಟು ಹಿಡಿದು ಗೆದ್ದವ ಎಂದು ನಾವೆಲ್ಲ ತಿಳಿದುಕೊಂಡೆವು. 16 ವರ್ಷಗಳ ನಂತರ ಹೇಮಿಚ್ ತಾನೇ ಮಾತಾಡಿದಾಗ ಗೊತ್ತಾಯಿತು, ಆ ಟೇಪಿನಲ್ಲಿ ಇದ್ದದ್ದಕ್ಕಿಂತ ಕತ್ತರಿಸಿ ಎಸೆದದ್ದೇ ಹೆಚ್ಚು. ಅಖಾಡವನ್ನೇ ಒಡೆದುಹಾಕಲು ಅವನು ಮಾಡಿದ ಪ್ರಯತ್ನ, ಕಾಪಾಡಲು ಹೆಣಗಿದ ಮಕ್ಕಳು, ಒಂದೂ ತೆರೆಯ ಮೇಲೆ ಬಂದಿರಲಿಲ್ಲ. ಕಾಲಿನ್ಸ್ ಹಳೆಯ ಪುಸ್ತಕದ ಒಂದು ಸಾಲನ್ನೂ ಬದಲಿಸಬೇಕಾಗಲಿಲ್ಲ. ‘ಕ್ಯಾಚಿಂಗ್ ಫೈರ್’ ಅನ್ನು 12ನೇ ವಯಸ್ಸಿನಲ್ಲಿ ಓದಿ, ಆ ಟೇಪನ್ನು ನಂಬಿದ್ದವರಿಗೆ ಹೊಸ ಪುಸ್ತಕ ಬಂದಾಗ 28. ಅವರು ಆ ಅಧ್ಯಾಯವನ್ನು ಮತ್ತೆ ತೆರೆದು, ಕ್ಯಾಪಿಟಲ್ ತಮಗೆ ಏನನ್ನು ತೋರಿಸಿತ್ತು, ಎಲ್ಲಿ ಕತ್ತರಿಸಿತ್ತು ಎಂದು ಹುಡುಕುತ್ತಿದ್ದಾರೆ.